ನೂರಕ್ಕೆ ನೂರು ಬೇಕಂತೆ!

ಇದು ಸ್ವಲ್ಪ ಉದ್ದದ ಬರಹ, ಮೊದಲೇ ಹೇಳಿಬಿಡುತ್ತೇನೆ. ಪುರುಸೊತ್ತಿದ್ದಾಗ ಓದಿ. ವಿಷಯ ಹಳೆಯದೇ, ಎಸ್ಸೆಸ್ಸೆಲ್ಸಿ ಪರೀಕ್ಷೆ. ಆದರೆ ಮಕ್ಕಳ ಟೆನ್ಶನ್ನಿನ ಬಗ್ಗೆ ಅಲ್ಲ. ಅದನ್ನು ಬರೆಯುವವರು ಪ್ರತಿ ಮಾರ್ಚಿನಲ್ಲೂ ಬೇಕಾದಷ್ಟು ಮಂದಿ ಸಿಗುತ್ತಾರೆ. ಪೆನ್ನು ಹಿಡಿದು ಪರೀಕ್ಷೆಗೆ ಕೂರದೆಯೇ ಪ್ರತಿ ವರ್ಷ ಪಾಸೋ ಫೇಲೋ ಆಗುವ ಇನ್ನೊಂದು ಗುಂಪು ಉಂಟಲ್ಲ, ಮಾಷ್ಟ್ರು-ಟೀಚರುಗಳದ್ದು, ಅದರ ಬಗ್ಗೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವ. ಮನೆ ಇನ್ನಂಜೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಉಡುಪಿಯಿಂದ ತೆಂಕಕ್ಕೆ, ಈಗಿನ ಕಾಪು ತಾಲೂಕಿನ ಊರು. ಕೊಂಕಣ ರೈಲಿನ ಒಂದು ಸಣ್ಣ ಸ್ಟೇಶನ್ ಉಂಟು. ಪಕ್ಕದ ಶಂಕರಪುರದ ಮಲ್ಲಿಗೆಯ ಹೆಸರಂತೂ ಕೇಳಿಯೇ ಇರುತ್ತೀರಿ. ನಾನು ಕಲಿಸುವ ಶಾಲೆ ಯಾವುದೆಂದು ಮಾತ್ರ ಹೇಳುವುದಿಲ್ಲ. ಅದು ಅನುದಾನಿತ ಶಾಲೆ ಅಂತ ಗೊತ್ತಾದರೆ ಸಾಕು. ಕೆಲಸ ನನಗೆ ಇನ್ನೂ ಕೆಲವು ವರ್ಷ ಬೇಕು :-)

ಮೊದಲು ಒಂದು ಸಣ್ಣ ಲೆಕ್ಕ ನೋಡಿ. ಗಣಿತದ ಮಾಷ್ಟ್ರು ಅಂದ ಮೇಲೆ ಅಷ್ಟಾದರೂ ಸಹಿಸಿಕೊಳ್ಳಬೇಕು.

2023ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆಯ ಫಲಿತಾಂಶ ಶೇ. 89.49. ರಾಜ್ಯದಲ್ಲಿ 18ನೇ ಸ್ಥಾನ. ದಕ್ಷಿಣ ಕನ್ನಡ 89.47, 19ನೇ ಸ್ಥಾನ. ಆ ವರ್ಷ ನಮ್ಮ ಕಡೆ ಆದ ಗಲಾಟೆ ಕೇಳಬೇಡಿ. ಬುದ್ಧಿವಂತರ ಜಿಲ್ಲೆಗೆ ಏನಾಯಿತು, ಮಾಷ್ಟ್ರುಗಳು ಏನು ಮಾಡುತ್ತಿದ್ದಾರೆ, ಹೀಗೇ ಮಾತು. ಆ ವರ್ಷ ಮೊದಲು ಬಂದದ್ದು ಚಿತ್ರದುರ್ಗ, ಶೇ. 96.80.

2024ರಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲ ಸ್ಥಾನಕ್ಕೆ ಬಂತು. ದಕ್ಷಿಣ ಕನ್ನಡ 92.12ರೊಂದಿಗೆ ಎರಡನೆಯದು. ಹಿಂದಿನ ವರ್ಷ ಮೊದಲಿದ್ದ ಚಿತ್ರದುರ್ಗ ಇಪ್ಪತ್ತರ ಆಚೆಗೆ ಹೋಯಿತು. 2025ರಲ್ಲಿ ದಕ್ಷಿಣ ಕನ್ನಡ 91.12ರೊಂದಿಗೆ ಮೊದಲು, ಉಡುಪಿ 89.96ರೊಂದಿಗೆ ಎರಡನೆಯದು.

ಈಗ ಉಡುಪಿಯ 2023 ಮತ್ತು 2025ರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 89.49 ಮತ್ತು 89.96. ವ್ಯತ್ಯಾಸ ಅರ್ಧ ಪರ್ಸೆಂಟೂ ಇಲ್ಲ. ಒಂದು ವರ್ಷ ಇದೇ ಸಂಖ್ಯೆಗೆ 18ನೇ ಸ್ಥಾನ, ಇನ್ನೊಂದು ವರ್ಷ 2ನೇ ಸ್ಥಾನ. ಒಮ್ಮೆ ತಲೆತಗ್ಗಿಸಬೇಕು, ಇನ್ನೊಮ್ಮೆ ಸಿಹಿ ಹಂಚಬೇಕು. ನಾವು ಪಾಠ ಮಾಡುವ ರೀತಿಯಲ್ಲಿ ಆ ಎರಡು ವರ್ಷದಲ್ಲಿ ಅಂಥ ಕ್ರಾಂತಿಯೇನೂ ಆಗಿರಲಿಲ್ಲ ಮಾರಾಯ್ರೆ. ಅದೇ ಕಪ್ಪು ಹಲಗೆ, ಅದೇ ನಾನು.

ಬದಲಾದದ್ದು ಬೇರೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಯಾವ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ದೂರದಲ್ಲಿ ಕೂತು ನೋಡುವ ವ್ಯವಸ್ಥೆ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಸುಮಾರು 54ಕ್ಕೆ ಇಳಿಯುವ ಹಾಗಾಯಿತು. ಅದನ್ನು ಎತ್ತಲಿಕ್ಕೆ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಅದನ್ನು ಪಡೆಯಲು ಬೇಕಾದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದರು. ಹಾಗೆಲ್ಲ ಮಾಡಿ 73.40 ಅಂತ ಪ್ರಕಟವಾಯಿತು. ಮರುವರ್ಷ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ. ಶಾಲಾ ಮಕ್ಕಳ ಫಲಿತಾಂಶ 66.14ಕ್ಕೆ ನಿಂತಿತು.

ಅಂದರೆ ಉಡುಪಿ ಮೇಲೆ ಹೋದದ್ದಲ್ಲ. ನೆಲ ಕೆಳಗೆ ಇಳಿಯಿತು. ಇದರಿಂದ ಇತರ ಜಿಲ್ಲೆಯವರೆಲ್ಲ ಕಾಪಿ ಹೊಡೆಯುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಆ ಜಿಲ್ಲೆಗಳಲ್ಲಿ ಗಣಿತಕ್ಕೆ, ಇಂಗ್ಲಿಷಿಗೆ ಕಾಯಂ ಮಾಷ್ಟ್ರೇ ಇಲ್ಲದ ಶಾಲೆಗಳುಂಟು. ಅಪ್ಪ-ಅಮ್ಮ ಗುಳೆ ಹೋದರೆ ಮಕ್ಕಳೂ ಜೊತೆಗೆ ಹೋಗುತ್ತಾರೆ. ನಾನು ಹೇಳುವುದು ಇಷ್ಟೇ. ಕ್ಯಾಮರಾ, ಕೃಪಾಂಕ, ಪಕ್ಕದ ಜಿಲ್ಲೆಯ ಏರಿಳಿತ ಎಲ್ಲ ಸೇರಿ ಆಗುವ ಒಂದು ಸಂಖ್ಯೆಯನ್ನು ತಂದು, "ಇದು ನಿಮ್ಮ ಕೆಲಸದ ಅಳತೆ" ಅಂತ ಕ್ಲಾಸ್‌ರೂಮಿನ ಮಾಷ್ಟ್ರ ಕೈಗೆ ಕೊಡುತ್ತಾರೆ.

ಸಣ್ಣ ಶಾಲೆಗಳಿಗೆ ಇದು ಇನ್ನೂ ಕಷ್ಟ. ಒಂದು ಶಾಲೆಯಲ್ಲಿ 200 ಮಕ್ಕಳು ಪರೀಕ್ಷೆ ಬರೆದರೆ ಒಬ್ಬ ಫೇಲಾದಾಗ ಹೋಗುವುದು ಅರ್ಧ ಪರ್ಸೆಂಟು. 38 ಮಕ್ಕಳಿದ್ದರೆ ಒಬ್ಬನಿಗೆ 2.63. ಹನ್ನೆರಡೇ ಮಕ್ಕಳಿರುವ ಹಳ್ಳಿ ಶಾಲೆಯಲ್ಲಿ ಒಬ್ಬ ಎಡವಿದರೆ 8.33 ಹೋಯಿತು! ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಾ ಬಂದ ಹಾಗೆ ಒಂದೊಂದು ಮಗುವಿನ ತೂಕ ಹೆಚ್ಚುತ್ತಾ ಬಂದಿದೆ. ಮಗುವಿನ ತೂಕ ಹೆಚ್ಚಾದರೆ ಒಳ್ಳೆಯದಲ್ಲವಾ ಅಂತ ನಿಮಗನಿಸಬಹುದು. ಅದನ್ನೇ ಹೇಳಲಿಕ್ಕೆ ಹೊರಟದ್ದು.

ಒತ್ತಡ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. "ನಿಮಗೇನು, ಎರಡು ತಿಂಗಳು ರಜೆ" ಅನ್ನುವವರೇ ಹೆಚ್ಚು. ಜೂನಿನಲ್ಲಿ ಶಾಲೆ ಶುರುವಾಗುವಾಗಲೇ ಈ ವರ್ಷದ ಗುರಿ ಎಷ್ಟು ಅಂತ ಬರೆದುಕೊಡಬೇಕು. 90 ಅಂತ ಬರೆದು ನೋಡಿ, "ಯಾಕೆ, ಹತ್ತು ಜನರನ್ನು ಫೇಲ್ ಮಾಡಲಿಕ್ಕೆ ಈಗಲೇ ನಿರ್ಧಾರವಾ?" ಅಂತ ಕೇಳುತ್ತಾರೆ. ಹಾಗಾಗಿ ಎಲ್ಲರೂ 100 ಅಂತಲೇ ಬರೆಯುತ್ತೇವೆ. ಆಮೇಲೆ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಮನೆ ಭೇಟಿ, ಪೂರ್ವಸಿದ್ಧತಾ ಪರೀಕ್ಷೆ. ಪ್ರತಿಯೊಂದಕ್ಕೂ ಒಂದು ರಿಜಿಸ್ಟರು, ಒಂದು ಫೋಟೋ, ವಾಟ್ಸಾಪ್ ಗ್ರೂಪಿಗೆ ಒಂದು ವರದಿ. ಹಿಂದುಳಿದ ಮಕ್ಕಳನ್ನು ಮಾಷ್ಟ್ರುಗಳಿಗೆ ಹಂಚಿ "ದತ್ತು" ಕೊಡುವುದೂ ಉಂಟು.

ವೇಕಪ್ ಕಾಲ್ ಅಂತ ಇನ್ನೊಂದು. ಬೆಳಿಗ್ಗೆ ಐದು ಗಂಟೆಗೆ ಮಾಷ್ಟ್ರು ಎದ್ದು ಮಕ್ಕಳ ಮನೆಗೆ ಫೋನ್ ಮಾಡಿ ಓದಲಿಕ್ಕೆ ಎಬ್ಬಿಸಬೇಕು. ಇದು ನಮ್ಮ ಮಲ್ಲಿಗೆಯ ಊರಿನಲ್ಲಿ ದೊಡ್ಡ ತಮಾಷೆ ಆಯಿತು. ನಾನು ಫೋನ್ ಮಾಡಿದ ಒಂದು ಮನೆಯಲ್ಲಿ ತಾಯಿ ನಕ್ಕು ಹೇಳಿದರು, "ನೀವು ಎಬ್ಬಿಸುವುದಾ ಮಾಷ್ಟ್ರೇ? ಅವ ಆಗಲೇ ಟಾರ್ಚ್ ಹಿಡಿದು ಹೂ ಕೊಯ್ಯಲಿಕ್ಕೆ ಹೋಗಿ ಆಯ್ತಲ್ಲ!"

ಮಲ್ಲಿಗೆಯ ಮನೆಗಳ ಕಥೆ ಹಾಗೆಯೇ. ಮೊಗ್ಗು ಅರಳುವ ಮೊದಲು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರದಲ್ಲಿ ಆ ದಿನ ಅಟ್ಟೆಗೆ ಎಷ್ಟು ರೇಟು ಕಟ್ಟುತ್ತಾರೋ ಅದರ ಮೇಲೆ ಮನೆಯ ಖರ್ಚು ನಡೆಯುತ್ತದೆ. ನಮ್ಮ ವಿಶೇಷ ತರಗತಿ ಎಂಟಕ್ಕೆ ಶುರು. ಹೂ ಹೆಚ್ಚಿದ್ದ ದಿನ ಈ ಹುಡುಗ ಬರುವುದಿಲ್ಲ. ಬಾರದಿದ್ದರೆ ರಿಜಿಸ್ಟರಿನಲ್ಲಿ ಗೈರುಹಾಜರಿ, ಗೈರುಹಾಜರಿ ಯಾಕೆ ಅಂತ ನನ್ನ ಹತ್ತಿರ ಪ್ರಶ್ನೆ.

ಆ ಹುಡುಗನ ವಿಷಯ ಇನ್ನೂ ಹೇಳಲಿಕ್ಕುಂಟು. ಅದಕ್ಕೆ ಮೊದಲು "ಪಾಸಿಂಗ್ ಪ್ಯಾಕೇಜ್" ಅಂದರೆ ಏನು ಅಂತ ಹೇಳಬೇಕು. ಶಿಕ್ಷಕರಲ್ಲದವರಿಗೆ ಈ ಶಬ್ದ ಹೊಸದಿರಬಹುದು, ಆದರೆ ಕರ್ನಾಟಕದ ಯಾವ ಹೈಸ್ಕೂಲಿಗೆ ಹೋಗಿ ಕೇಳಿದರೂ ಗೊತ್ತು. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮೊದಲೇ ಸಿಗುತ್ತದಲ್ಲ, ಯಾವ ಪಾಠಕ್ಕೆ ಎಷ್ಟು ಅಂಕ ಅಂತ. ಅದನ್ನು ನೋಡಿ ಪಾಸಿಗೆ ಬೇಕಾದಷ್ಟು ಅಂಕ ಸುಲಭದಲ್ಲಿ ಸಿಗುವ ಭಾಗಗಳನ್ನು ಮಾತ್ರ ಆರಿಸಿ ಒಂದು ಸಣ್ಣ ಪುಸ್ತಕ ಮಾಡುತ್ತಾರೆ. ಗಣಿತದಲ್ಲಾದರೆ ರೇಖಾತ್ಮಕ ಸಮೀಕರಣದ ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ-ಮಧ್ಯಾಂಕ-ಬಹುಲಕ. ವಿಜ್ಞಾನದಲ್ಲಿ ಚಿತ್ರ ಬಿಡಿಸಿ ಭಾಗ ಗುರುತಿಸುವುದು. ಸಮಾಜದಲ್ಲಿ ಭೂಪಟ. ಕನ್ನಡದಲ್ಲಿ ಪತ್ರಲೇಖನ, ಗಾದೆ ವಿಸ್ತರಣೆ, ಬಾಯಿಪಾಠದ ಪದ್ಯ. ನಿಧಾನ ಕಲಿಕೆಯವರು ಅಂತ ಪಟ್ಟಿ ಮಾಡಿದ ಮಕ್ಕಳಿಗೆ ದಶಂಬರದಿಂದ ಇದನ್ನೇ ತಿಕ್ಕುವುದು. ಬರೆದದ್ದನ್ನೇ ಬರೆಯುವುದು.

ಇದು ಪೂರ್ತಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಫೇಲು ಅಂತ ಒಮ್ಮೆ ಆದರೆ ಆ ಮಗುವಿಗೆ ಡಿಪ್ಲೊಮಾ ಇಲ್ಲ, ಪಿಯುಸಿ ಇಲ್ಲ. ಮುಳುಗುವವನಿಗೆ ಹಗ್ಗ ಎಸೆದ ಹಾಗೆ ಇದು. ಪಾಸಾದ ಮಕ್ಕಳು ಆಮೇಲೆ ದಾರಿಯಲ್ಲಿ ಸಿಕ್ಕಿ ಖುಷಿಯಲ್ಲಿ ಮಾತಾಡಿಸಿದ್ದೂ ಉಂಟು.

ಆದರೆ ಕ್ಲಾಸಿನಲ್ಲಿ ಏನಾಗುತ್ತದೆ ನೋಡಿ. ಜನವರಿಯಲ್ಲಿ ಒಂದು ದಿನ ತ್ರಿಕೋನಮಿತಿಯ ಅನ್ವಯ ಮಾಡುತ್ತಿದ್ದೆ. ತೆಂಗಿನ ಮರದ ಎತ್ತರವನ್ನು ಮರ ಹತ್ತದೆ ಅಳೆಯುವುದು ಹೇಗೆ ಅಂತ. ನಮ್ಮೂರಿನ ಮಕ್ಕಳಿಗೆ ಇಷ್ಟವಾಗುವ ಪಾಠ ಅದು, ಹೊರಗೆ ಅಂಗಳಕ್ಕೆ ಕರೆದುಕೊಂಡು ಹೋಗಿ ಮಾಡಬಹುದು. ಎಲ್ಲರೂ ಪುಸ್ತಕ ತೆಗೆದರು. ಹಿಂದಿನ ಬೆಂಚಿನಿಂದ ಈ ಹೂವಿನ ಮನೆಯ ಹುಡುಗ ಎದ್ದು ನಿಂತು ಕೇಳಿದ, "ಸಾರ್, ಈ ಪಾಠ ನಮಗುಂಟಾ?"

ವ್ಯಂಗ್ಯ ಇರಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದು. ಒಂದು ತಿಂಗಳಿನಿಂದ ಅವನ ಗುಂಪಿನ ಆರು ಜನರಿಗೆ ಬೇರೆ ಬೆಂಚು, ಬೇರೆ ಪುಸ್ತಕ, ಬೇರೆ ಹೋಂವರ್ಕು. ಮರದ ಎತ್ತರ ಅಳೆಯುವುದು ಪ್ಯಾಕೇಜಿನಲ್ಲಿ ಇರಲಿಲ್ಲ. ಎಲ್ಲರಿಗೂ ಉಂಟು, ಬಾ ಅಂದೆ. ಅಂಗಳಕ್ಕೆ ಬಂದ. ಕೋನ ಹಿಡಿಯಲಿಕ್ಕೆ ಎಲ್ಲರಿಗಿಂತ ಚಂದ ಕಲಿತದ್ದು ಅವನೇ. 3200 ಹೂವನ್ನು ಕಣ್ಣಳತೆಯಲ್ಲಿ ನಾಲ್ಕು ಪಾಲು ಮಾಡುವ ಮನೆಯ ಹುಡುಗ, ಆಶ್ಚರ್ಯವೇನಿಲ್ಲ. ಆದರೆ ಸೈನ್, ಕಾಸ್, ಟ್ಯಾನ್ ಬರೆಯುವಾಗ ಎಲ್ಲ ಉಲ್ಟಾ.

ಅದೇ ತಿಂಗಳು ಶಾಲೆಯಲ್ಲಿ ಮೀಟಿಂಗು. ಆ ವರ್ಷ ಹತ್ತನೇ ಕ್ಲಾಸಿನಲ್ಲಿ 38 ಮಕ್ಕಳು. 'ಅಪಾಯದಲ್ಲಿರುವವರು' ಅಂತ ಪಟ್ಟಿಯಲ್ಲಿ ಮೂವರು, ಅದರಲ್ಲಿ ಇವನೂ ಒಬ್ಬ. ಹಿಂದಿನ ಎರಡು ವರ್ಷ ನೂರಕ್ಕೆ ನೂರು ಬಂದಿತ್ತು, ಗೇಟಿನಲ್ಲಿ ಫ್ಲೆಕ್ಸ್ ಹಾಕಿ ಆಗಿತ್ತು. ಫ್ಲೆಕ್ಸ್ ನೋಡಿಯೇ ಹೊಸ ಮಕ್ಕಳು ಬರುವುದು. ಮಕ್ಕಳು ಬಾರದಿದ್ದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಒಬ್ಬ ಮಾಷ್ಟ್ರು ಹೆಚ್ಚುವರಿ ಆಗುತ್ತಾನೆ. ಇದೆಲ್ಲ ಸುಳ್ಳಲ್ಲ, ಕೂತವರಿಗೆಲ್ಲ ಗೊತ್ತಿದ್ದ ಸಂಗತಿ.

ಆಗ ಒಂದು ಸಲಹೆ ಬಂತು. ಪರೀಕ್ಷೆಗೆ ಕೂರಬೇಕಾದರೆ ಶೇ. 75 ಹಾಜರಿ ಬೇಕು. ಆ ಹುಡುಗ ಹೇಗೂ ಆಗಾಗ ಶಾಲೆಗೆ ಬರುವುದಿಲ್ಲ. ಹಾಜರಿ ಕೊರತೆ ಅಂತ ತೋರಿಸಿದರೆ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ವರ್ಷ ಖಾಸಗಿಯಾಗಿ ಕಟ್ಟಲಿ, "ಅವನಿಗೂ ಒಳ್ಳೆಯದು". ಮನೆಯವರಿಗೆ ಕ್ಲಾಸ್ ಟೀಚರ್ ಹೇಳಿ ಒಪ್ಪಿಸಬೇಕು ಅಂತ.

ಅವನ ಕ್ಲಾಸ್ ಟೀಚರ್ ನಮ್ಮ ಕನ್ನಡ ಟೀಚರ್. ಮಾತು ಕಡಿಮೆ. ಹಾಜರಿ ಪುಸ್ತಕ ಮಡಿಲಿನಲ್ಲೇ ಇತ್ತು, ಬಿಡಿಸಿ ಲೆಕ್ಕ ಹಾಕಿ ಹೇಳಿದರು, "ಅವನ ಹಾಜರಿ 78 ಉಂಟು ಸಾರ್. ಅದನ್ನು 74 ಮಾಡಲಿಕ್ಕೆ ನನಗೆ ಬರುವುದಿಲ್ಲ."

ಅಷ್ಟೇ. ಯಾರೂ ಮತ್ತೆ ಮಾತಾಡಲಿಲ್ಲ. ಚಾ ಬಂತು, ಮೀಟಿಂಗು ಮುಗಿಯಿತು.

ಮರುದಿನದಿಂದ ನಾವಿಬ್ಬರೂ ಮಧ್ಯಾಹ್ನದ ಊಟದ ನಂತರ ಅರ್ಧ ಗಂಟೆ ಅವನನ್ನು ಕೂರಿಸಿಕೊಂಡೆವು. ಬೆಳಿಗ್ಗೆ ಎಂಟಕ್ಕೆ ಬಾ ಅಂತ ಹೇಳುವುದನ್ನು ಬಿಟ್ಟೆವು. ಟೀಚರ್ ಅವನಿಗೆ ಪತ್ರ ಬರೆಯಲಿಕ್ಕೆ ಕಲಿಸಿದ್ದು ಪ್ಯಾಕೇಜಿನ ಪತ್ರವಲ್ಲ. ಹೂವಿನ ರೇಟು ಸರಿಯಾಗಿ ಸಿಗುತ್ತಿಲ್ಲ ಅಂತ ಪತ್ರಿಕೆಗೆ ಬರೆಯುವ ಪತ್ರ. ಎಂಟನೇ ಕ್ಲಾಸಿಗೆ ಬರುವಾಗ ಒಂದು ವಾಕ್ಯ ನೆಟ್ಟಗೆ ಬರೆಯದವ ಒಂದೂವರೆ ಪುಟ ಬರೆದ. ಪರೀಕ್ಷೆಗೆ ಎರಡು ದಿನ ಮೊದಲು ತಾಯಿ ಗೇಟಿನ ಹತ್ತಿರ ಸಿಕ್ಕಿ ತುಳುವಿನಲ್ಲಿ ಕೇಳಿದರು, "ಆಯೆ ಪಾಸ್ ಆಪೆನಾ ಮಾಷ್ಟ್ರೇ?" ಪಾಸಾಗುತ್ತಾನಾ ಅಂತ. ಪ್ರಯತ್ನ ಮಾಡುತ್ತಿದ್ದಾನೆ ಅಂದೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

2025ರ ಮೇ 2ಕ್ಕೆ ಫಲಿತಾಂಶ ಬಂತು. 38ರಲ್ಲಿ 37 ಮಂದಿ ಪಾಸು. ಪಟ್ಟಿಯಲ್ಲಿದ್ದ ಇನ್ನಿಬ್ಬರೂ ಪಾಸು. ಇವನು ಗಣಿತದಲ್ಲಿ ಹೋದ, 80ಕ್ಕೆ 19. ಕನ್ನಡದಲ್ಲಿ ಒಳ್ಳೆಯ ಅಂಕ. ಶಾಲೆಯ ಫಲಿತಾಂಶ 97.37.

ಪರೀಕ್ಷೆ-2 ಅಂತ 2024ರಿಂದ ವ್ಯವಸ್ಥೆ ಉಂಟಲ್ಲ, ಅದರಲ್ಲಿ ಅವನು ಗಣಿತವನ್ನೂ ಕಟ್ಟಿ ಪಾಸಾದ. 80ಕ್ಕೆ 29. ಆಗ 28 ಬೇಕಿತ್ತು. ಈಗ ಐಟಿಐಗೆ ಹೋಗುತ್ತಿದ್ದಾನೆ. ಆದರೆ ಫ್ಲೆಕ್ಸಿಗೆ, ರ‍್ಯಾಂಕಿಗೆ, ಮೀಟಿಂಗಿಗೆ ಎಲ್ಲ ಲೆಕ್ಕ ಪರೀಕ್ಷೆ-1ರದ್ದೇ. ಎರಡನೆಯ ಸಲಕ್ಕೆ ದಾಟಿದವನು ಹುಡುಗನ ಮನೆಯ ಲೆಕ್ಕದಲ್ಲಿ ಪಾಸು, ಶಾಲೆಯ ಲೆಕ್ಕದಲ್ಲಿ ಇವತ್ತಿಗೂ ಆ 2.63.

ಗಣಿತದ ಶಿಕ್ಷಕರು ವಿವರಣೆ ಕೊಡಬೇಕು ಅಂತ ನನಗೆ ಕಾಗದ ಬಂತು. ನಾನು ಬರೆದು ಕೊಟ್ಟೆ. ಎಂಟನೇ ಕ್ಲಾಸಿನಲ್ಲಿ ಬರುವಾಗ ಅವನಿಗೆ ಭಾಗಾಕಾರ ಬರುತ್ತಿರಲಿಲ್ಲ, ಈಗ ನಕ್ಷೆ ಎಳೆಯುತ್ತಾನೆ, ಮರದ ಎತ್ತರ ಅಳೆಯುತ್ತಾನೆ ಅಂತ. ಅದನ್ನು ಓದಿದವರು "ಇದೆಲ್ಲ ಬೇಡ, ಮುಂದಿನ ವರ್ಷ ಏನು ಕ್ರಮ ತೆಗೆದುಕೊಳ್ಳುತ್ತೀರಿ ಅಂತ ಬರೆಯಿರಿ" ಅಂದರು. ಅದನ್ನೂ ಬರೆದೆ. ಮೊದಲ ವಿವರಣೆಯ ಪ್ರತಿ ಮಾತ್ರ ನನ್ನ ಹತ್ತಿರ ಉಂಟು.

ಇಲ್ಲಿ ಕೆಟ್ಟವರು ಯಾರು ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ. ಮೀಟಿಂಗಿನಲ್ಲಿ ಸಲಹೆ ಕೊಟ್ಟವರೂ ಒಳ್ಳೆಯವರೇ, ಬಡ ಮಕ್ಕಳ ಫೀಸು ಕೈಯಿಂದ ಕಟ್ಟಿದವರು. ಅವರ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. ಎಲ್ಲರ ಕೈಯಲ್ಲೂ ಒಂದೇ ಪಟ್ಟಿ. ಒಂದು ಸಂಖ್ಯೆಯ ಮೇಲೆ ಎಲ್ಲರ ಮರ್ಯಾದೆ ನಿಂತರೆ ಒಳ್ಳೆಯವರೂ ಮಗುವನ್ನು ಆ ಸಂಖ್ಯೆಯ ಕಣ್ಣಿನಿಂದಲೇ ನೋಡಲಿಕ್ಕೆ ಶುರು ಮಾಡುತ್ತಾರೆ. ಮಗುವಿನ ತೂಕ ಹೆಚ್ಚಾದರೆ ಒಳ್ಳೆಯದಲ್ಲವಾ ಅಂತ ಆಗ ಕೇಳಿದ್ದಿರಲ್ಲ, ಆಗುವುದು ಹೀಗೆ. ಭಾರ ಅಂತ ಕಂಡದ್ದನ್ನು ಇಳಿಸುವ ದಾರಿ ಹುಡುಕುತ್ತಾರೆ.

ಇದು ಹೊಸ ಕಥೆಯೂ ಅಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ಒಂದು ನಿಯಮ ತಂದರು. ಇನ್ಸ್‌ಪೆಕ್ಟರ್ ಬಂದು ಓದು, ಬರಹ, ಲೆಕ್ಕದಲ್ಲಿ ಮಕ್ಕಳ ಪರೀಕ್ಷೆ ಮಾಡುವುದು, ಪಾಸಾದ ಮಕ್ಕಳ ಲೆಕ್ಕದಲ್ಲಿ ಶಾಲೆಗೆ ಹಣ ಕೊಡುವುದು. ಕವಿ ಮ್ಯಾಥ್ಯೂ ಆರ್ನಾಲ್ಡ್ ಆಗ ಶಾಲಾ ಇನ್ಸ್‌ಪೆಕ್ಟರ್. ಇದರಿಂದ ಪಾಠ ಯಾಂತ್ರಿಕವಾಗುತ್ತದೆ ಅಂತ ಅವರು ವಿರೋಧ ಮಾಡಿದರು. ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಮದ್ರಾಸು ಪ್ರಾಂತಕ್ಕೂ ಬಂದಿತ್ತು. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಇತ್ತಲ್ಲ. ಕಡೆಗೆ 1904ರಲ್ಲಿ, ಕರ್ಜನ್ ಕಾಲದ ಶಿಕ್ಷಣ ನೀತಿಯ ನಿರ್ಣಯದಲ್ಲಿ ಬ್ರಿಟಿಷ್ ಸರಕಾರವೇ ಈ ಪದ್ಧತಿ ಸರಿಯಲ್ಲ ಅಂತ ಕೈಬಿಡುವ ಮಾತಾಡಿತು. ನಮ್ಮ ಅಜ್ಜನ ಅಜ್ಜನ ಕಾಲದ ಮಾಷ್ಟ್ರುಗಳಿಗೂ ಇದೇ ತಲೆಬಿಸಿ ಇತ್ತು ಅಂತಾಯಿತು.

ಅಮೆರಿಕದಲ್ಲಿ 2002ರಲ್ಲಿ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾನೂನು ಬಂತು. ಪ್ರತಿ ವರ್ಷ ಪರೀಕ್ಷೆ, ಗುರಿ ಮುಟ್ಟದ ಶಾಲೆಗೆ ಶಿಕ್ಷೆ. 2011ರಲ್ಲಿ ಅಟ್ಲಾಂಟಾ ನಗರದಲ್ಲಿ ತನಿಖೆ ಮಾಡಿದಾಗ 44 ಶಾಲೆಗಳ 178 ಮಂದಿ ಶಿಕ್ಷಕರು, ಮುಖ್ಯಸ್ಥರು ಪರೀಕ್ಷೆಯ ಅಕ್ರಮದಲ್ಲಿ ಸೇರಿದ್ದು ಹೊರಬಿತ್ತು. ಮಕ್ಕಳ ತಪ್ಪು ಉತ್ತರವನ್ನು ಅಳಿಸಿ ಸರಿ ಮಾಡಿದ್ದರು. 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಮಾನವಾಯಿತು. ಅದೇ ವರ್ಷ ಆ ಕಾನೂನನ್ನೂ ಬದಲಾಯಿಸಿದರು. ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಮಾಜವಿಜ್ಞಾನಿ 1970ರ ದಶಕದಲ್ಲೇ ಇದನ್ನು ಹೇಳಿದ್ದರು. ಒಂದು ಅಂಕಿಯ ಮೇಲೆ ತೀರ್ಮಾನಗಳು ಹೆಚ್ಚಿದಷ್ಟೂ ಆ ಅಂಕಿಯೂ ಕೆಡುತ್ತದೆ, ಅದು ಅಳೆಯಲು ಹೊರಟ ಕೆಲಸವೂ ಕೆಡುತ್ತದೆ ಅನ್ನುವುದು ಅವರ ಮಾತಿನ ಸಾರ. ಹಾಜರಿ ಪುಸ್ತಕದ 78 ಮತ್ತು 74 ಅಂದರೆ ಅದೇ ಅಲ್ಲವಾ?

ಹಾಗಾದರೆ ಪರೀಕ್ಷೆಯೇ ಬೇಡವಾ? ಅದನ್ನು ನಾನು ಹೇಳುವುದಿಲ್ಲ. 2025ರಲ್ಲಿ ಕೊನೆಯ ಸ್ಥಾನದ ಕಲಬುರಗಿಯ ಫಲಿತಾಂಶ ಶೇ. 42.43. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತನೇ ಕ್ಲಾಸು ದಾಟಲಿಲ್ಲ. ಪರೀಕ್ಷೆ ಇಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಂಖ್ಯೆ ನೋಡಿ ಅಲ್ಲಿಗೆ ಮಾಷ್ಟ್ರುಗಳನ್ನು ಕಳಿಸುವುದಾದರೆ ಸಂಖ್ಯೆ ಒಳ್ಳೆಯದೇ. ಆದರೆ ಸಂಖ್ಯೆ ನೋಡಿ ಅಲ್ಲಿರುವ ಒಬ್ಬನೇ ಮಾಷ್ಟ್ರಿಗೆ ನೋಟಿಸು ಕಳಿಸಿದರೆ ಏನು ಪ್ರಯೋಜನ?

ಅದರ ಮೇಲೆ ನಮ್ಮ ಸಮಯ ಎಷ್ಟು ನಮ್ಮದಾಗಿ ಉಳಿದಿದೆ ಅಂತಲೂ ನೋಡಿ. 2024ರಲ್ಲಿ 5, 8, 9ನೇ ತರಗತಿಗಳಿಗೂ ಬೋರ್ಡ್ ಮಟ್ಟದ ಪರೀಕ್ಷೆ ಇಟ್ಟರು. ಮಾರ್ಚ್ 11ಕ್ಕೆ ಶುರುವಾಯಿತು, ಕೋರ್ಟಿನಿಂದಾಗಿ ನಡುವಿನಲ್ಲಿ ನಿಂತಿತು, ತಿಂಗಳ ಕೊನೆಗೆ ಮುಗಿಯಿತು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಸಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿ ಶಿಕ್ಷಕರನ್ನು ಮನೆ ಮನೆಗೆ ಕಳಿಸಿದರು. ಸಮೀಕ್ಷೆ ಬೇಡ ಅಂತಲ್ಲ. ಆದರೆ ಹೋದ ದಿನಗಳ ಪಾಠವನ್ನು ವಿಶೇಷ ತರಗತಿಯಲ್ಲಿ ತುಂಬಿಸಿ, ಫಲಿತಾಂಶ ಮಾತ್ರ ನೂರೇ ಬರಲಿ ಅಂದರೆ ಹೇಗೆ?

2025ರ ಅಕ್ಟೋಬರಿನಲ್ಲಿ ಪಾಸಿನ ಅಂಕವನ್ನು ಇಳಿಸಿದ್ದನ್ನೂ ಪ್ರಕಟಿಸಿದರು. 2025-26ರಿಂದ ಒಟ್ಟು 625ಕ್ಕೆ 206 ಬಂದರೆ ಸಾಕು, ಪ್ರತಿ ವಿಷಯದಲ್ಲಿ ಶೇ. 30. ಆಂತರಿಕ ಅಂಕವನ್ನೂ ಸೇರಿಸಿಕೊಳ್ಳಬಹುದು. ಮಕ್ಕಳಿಗೆ ಇದರಿಂದ ಉಪಕಾರವಾಗಲಿ, ಒಳ್ಳೆಯದೇ. ಆದರೆ ಮೇಲಿನಿಂದ ಬರುವ ಪ್ರಶ್ನೆ ಇದರಿಂದ ಸಣ್ಣದಾಗುವುದಿಲ್ಲ. "ಇಷ್ಟು ಸುಲಭ ಮಾಡಿದ ಮೇಲೂ ನೂರು ಯಾಕಿಲ್ಲ?" ಅಂತ ಆಗುತ್ತದೆ, ಅಷ್ಟೇ.

ನನಗೆ ತೋಚುವ ಮದ್ದು ದೊಡ್ಡದೇನಲ್ಲ. ಒಂದು, ಜಿಲ್ಲೆಗಳಿಗೆ ರ‍್ಯಾಂಕ್ ಕೊಡುವುದನ್ನು ನಿಲ್ಲಿಸಲಿ. ಸಿಬಿಎಸ್‌ಇ 2023ರಲ್ಲೇ ಅನಾರೋಗ್ಯಕರ ಪೈಪೋಟಿ ಬೇಡ ಅಂತ ಮಕ್ಕಳ ಮೆರಿಟ್ ಪಟ್ಟಿ ಕೊಡಲಿಲ್ಲ, ಆಕಾಶವೇನೂ ಬೀಳಲಿಲ್ಲ. ಎರಡು, ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಎಷ್ಟು ಮಕ್ಕಳು ದಾಟಿದರು ಅಂತ ಶಾಲೆಯ ಲೆಕ್ಕ ಮಾಡಲಿ. ಮೊದಲ ಸಲ ಬಿದ್ದವನನ್ನು ಕೈಹಿಡಿದು ಎರಡನೇ ಸಲಕ್ಕೆ ದಾಟಿಸಿದ ಮಾಷ್ಟ್ರಿಗೂ ಅದರಲ್ಲಿ ಒಂದು ಸಾಲು ಇರಲಿ. ಮೂರು, ಎಂಟನೇ ಕ್ಲಾಸಿಗೆ ಬಂದಾಗ ಮಗು ಎಲ್ಲಿತ್ತು, ಹತ್ತು ಮುಗಿಸಿ ಹೋಗುವಾಗ ಎಲ್ಲಿತ್ತು ಅಂತ ಕೇಳಲಿ. ಭಾಗಾಕಾರ ಬಾರದವನು 19 ತೆಗೆದದ್ದಕ್ಕೂ, ಎಲ್ಲ ಬರುತ್ತಿದ್ದವನು 75 ತೆಗೆದದ್ದಕ್ಕೂ ನಡುವೆ ಇರುವ ಕೆಲಸ ಎಷ್ಟು ಅಂತ ಆಗಲಾದರೂ ಗೊತ್ತಾದೀತು.

ನಮ್ಮ ಗೇಟಿನ ಫ್ಲೆಕ್ಸ್ ಈ ಸಲ ಬದಲಾಯಿತು. '97.37' ಅಂತ ಹಾಕಲಿಕ್ಕೆ ಯಾರಿಗೂ ಮನಸ್ಸಿಲ್ಲ, ಅದಕ್ಕೆ ಹೆಚ್ಚು ಅಂಕ ತೆಗೆದ ಐದು ಮಕ್ಕಳ ಫೋಟೋ ಮಾತ್ರ ಉಂಟು. ಕನ್ನಡ ಟೀಚರ್ ಈ ವರ್ಷವೂ ಹತ್ತನೇ ಕ್ಲಾಸಿಗೆ ಕ್ಲಾಸ್ ಟೀಚರ್. ಹಾಜರಿಯನ್ನು ಈಗಲೂ ಪೆನ್ಸಿಲಿನಲ್ಲಿ ಅಲ್ಲ, ಶಾಯಿಯಲ್ಲೇ ಹಾಕುತ್ತಾರೆ.

ಓದುವವರಲ್ಲಿ ಮಾಷ್ಟ್ರುಗಳು, ಟೀಚರುಗಳು ಎಷ್ಟು ಮಂದಿ ಇದ್ದೀರೋ ಗೊತ್ತಿಲ್ಲ. ಇದ್ದರೆ ನಿಮ್ಮ ಕಡೆ ಹೇಗೆ ಅಂತ ಬರೆಯಿರಿ, ಶಾಲೆಯ ಹೆಸರು ಬೇಡ. ಮಾಷ್ಟ್ರುಗಳಲ್ಲದವರು ಒಂದು ಉಪಕಾರ ಮಾಡಿ. ಮುಂದಿನ ಸಲ ಫಲಿತಾಂಶ ಬಂದ ದಿನ ನಿಮ್ಮೂರಿನ ಶಾಲೆಯ ಮಾಷ್ಟ್ರು ಎದುರು ಸಿಕ್ಕರೆ, "ಎಷ್ಟು ಪರ್ಸೆಂಟ್?" ಅಂತ ಕೇಳುವ ಮೊದಲು "ಫೇಲಾದ ಮಕ್ಕಳು ಈಗ ಏನು ಮಾಡ್ತಾರೆ?" ಅಂತ ಕೇಳಿ ನೋಡಿ. ಉತ್ತರ ಹೇಳಲಿಕ್ಕೆ ಅವರಿಗೆ ತುಂಬ ಇರುತ್ತದೆ, ಕೇಳುವವರೇ ಇಲ್ಲ.